ಕೆರೆಯ ಕೆಳಗಿನ ಊರನ್ನು ಸವಣೂರಿಗೆ ಕಳಿಸಿದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಾನಗಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಬೆಳಿಗ್ಗೆ ದಲಾಲಿ ಅಂಗಡಿಗಳ ಟ್ರಂಕ್ ಕಾಲ್‌ಗಳ ಗದ್ದಲ ಮುಗಿದರೆ ಮಧ್ಯಾಹ್ನ ಬೋರ್ಡು ತಣ್ಣಗಾಗುತ್ತಿತ್ತು. ಆಗ ಸವಣೂರಿನ ಆಪರೇಟರ್ ಜೊತೆ ಮಾತಾಡುತ್ತ ಕೂರುತ್ತಿದ್ದೆ. ನನಗಿಂತ ಸಣ್ಣವಳು, ಮದುವೆಯಾದವಳು. ಎರಡು ವರ್ಷ ದಿನಾಲೂ ಅವಳ ದನಿ ಕೇಳಿದ್ದೆ, ಮುಖ ಮಾತ್ರ ನೋಡಿರಲಿಲ್ಲ. ಲೈನು ಸರಿಯಿದೆಯೇ ಎಂದು ವಿಚಾರಿಸುವ ನೆಪದಲ್ಲಿ ಶುರುವಾದ ಮಾತು ಅಡಿಗೆ, ಸೀರೆ ಎಲ್ಲ ದಾಟಿ ಪುಸ್ತಕಕ್ಕೆ ಬಂದಿತ್ತು.

ನನಗಾಗ ಮಾಯಾಲೋಕದ ಕಾದಂಬರಿಗಳ ಹುಚ್ಚು. ಅದರಲ್ಲೂ ಹುಬ್ಬಳ್ಳಿಯ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ, ಎರಡು ಭಾಗಗಳ ಒಂದನ್ನು ಐದು ಸಲ ಓದಿದ್ದೆ. ಕೆರೆಯ ನೀರಿನ ಕೆಳಗೆ ಒಂದು ಊರು. ಅಲ್ಲಿ ಉಂಡವರಿಗೆ ತಮ್ಮ ಮನೆಯ ದಾರಿ ಮರೆತುಹೋಗುತ್ತದೆ. ಕಳೆದುಹೋದ ಅಕ್ಕನನ್ನು ಹುಡುಕುತ್ತ ಹುಡುಗಿಯೊಬ್ಬಳು ಬರೀ ಹೊಟ್ಟೆಯಲ್ಲಿ ಆ ಊರಿಗೆ ಹೋಗುವ ಮೆಟ್ಟಿಲುಗಳನ್ನು ಇಳಿಯುತ್ತಾಳೆ. ಆಫೀಸಿನಲ್ಲಿ ಇದನ್ನು ಹೇಳಿದಾಗ ಹಿರಿಯ ಆಪರೇಟರ್ ಒಬ್ಬರು, "ಇಷ್ಟು ದೊಡ್ಡಾಕಿ ಆಗಿ ಇನ್ನೂ ಕೂಸುಗೋಳ ಕಥಿ ಓದ್ತೀಯಲ್ಲವಾ," ಎಂದು ನಕ್ಕಿದ್ದರು. ಆಮೇಲೆ ಯಾರಿಗೂ ಹೇಳಿರಲಿಲ್ಲ. ಸವಣೂರಿನವಳಿಗೆ ಹೇಳಿದೆ.

"ಕಳಸ್ರಿ ಅಕ್ಕಾರ, ಓದ್ತೇನಿ," ಎಂದಳು.

ಮೊದಲ ಭಾಗವನ್ನು ಹಳೆ ಪೇಪರಿನಲ್ಲಿ ಸುತ್ತಿ ಪರಿಚಯದ ಕಂಡಕ್ಟರ್ ಕೈಯಲ್ಲಿ ಕೊಟ್ಟೆ. ಬಸ್ಸು ಹೊರಟ ಗಳಿಗೆಯಿಂದಲೇ ನನ್ನ ತಳಮಳ ಶುರುವಾಯಿತು. ಮೊದಲ ಮೂವತ್ತು ಪುಟ ನಿಧಾನ ಎಂದು ಹೇಳಬೇಕಿತ್ತೇ? ಮೆಟ್ಟಿಲಿಳಿಯುವ ಅಧ್ಯಾಯಕ್ಕೆ ಬಂದಿರಬಹುದೇ? ಕುರ್ಚಿಯ ಮೇಲೆ ಕೂರಲಾಗುತ್ತಿರಲಿಲ್ಲ. ಒಮ್ಮೆ ರಟ್ಟೀಹಳ್ಳಿಗೆ ಕೊಡಬೇಕಾದ ಕಾಲನ್ನು ಶಿಗ್ಗಾಂವಿಗೆ ಕೊಟ್ಟು ಬೈಸಿಕೊಂಡೆ.

"ಓದಿದೇನವಾ?"

"ಓದಾಕತ್ತೇನ್ರಿ."

ವಾರ ಕಳೆಯಿತು, ತಿಂಗಳು ಕಳೆಯಿತು. ಕೇಳಿದಾಗೆಲ್ಲ ಅದೇ ಉತ್ತರ. ಕ್ರಮೇಣ ಅವಳು ಮಾತು ತಿರುಗಿಸತೊಡಗಿದಳು. ನಾನು ಪುಸ್ತಕ ಎಂದರೆ ಅವಳು ಅತ್ತೆಯ ಮೊಣಕಾಲು ನೋವು ಎನ್ನುತ್ತಿದ್ದಳು. ಪುಸ್ತಕ ಕಳೆದುಹೋಯಿತೋ, ಅವಳೂ ನಗುತ್ತಿದ್ದಾಳೋ, ತಿಳಿಯದೆ ಒದ್ದಾಡಿದೆ. ಎರಡು ತಿಂಗಳಾದ ಮೇಲೆ ತಡೆಯಲಾಗಲಿಲ್ಲ. ಒಂದು ರಜೆಯ ದಿನ ಎರಡನೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಅವ್ವ "ಎಲ್ಲಿಗೆ?" ಎಂದರೆ "ಗೆಳತಿ ಮನಿಗೆ" ಎಂದೆ. ನೇರ ಬಸ್ಸು ತಪ್ಪಿದ್ದರಿಂದ ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಸವಣೂರಿನ ಬಸ್ಸು ಬರುವವರೆಗೆ ನಿಂತಲ್ಲಿ ನಿಲ್ಲದೆ ಸ್ಟ್ಯಾಂಡನ್ನು ಏಳೆಂಟು ಸುತ್ತು ಹಾಕಿದೆ.

ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬಾಗಿಲಿಗೆ ಬಂದವಳು ದನಿಗಿಂತ ತೆಳ್ಳಗಿದ್ದಳು. ನಾನು ಯಾರೆಂದು ಹೇಳಿದಾಗ ಹಿಗ್ಗಿದಳು, ಮರುಕ್ಷಣ ಅವಳ ಮುಖ ಸಣ್ಣದಾಯಿತು. ಚಹಾ ಕೊಟ್ಟು ಎದುರಿಗೆ ಕೂತು ತಾನಾಗಿಯೇ ಹೇಳಿದಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ನನಗ ಅದು ಹಿಡಿಸ್ಲಿಲ್ರಿ. ನೀರಾಗ ಒಲಿ ಹ್ಯಾಂಗ ಉರೀತದ? ರೊಟ್ಟಿ ಹ್ಯಾಂಗ ಸುಡ್ತಾರ? ಪ್ರತಿ ಪುಟಕ್ಕೂ ಅದ ಅನಸ್ತಿತ್ತು. ನೀವು ಅಷ್ಟು ಪ್ರೀತಿಲೆ ಕಳಿಸಿದ್ರಿ, ಹೇಳಾಕ ಬಾಯಿ ಬರ್ಲಿಲ್ಲ."

"ಇರ್ಲಿ ಬಿಡು," ಎಂದೆ. ಪುಸ್ತಕ ಬರೆದವರಿಗಾದರೂ ಇಷ್ಟು ನೋವಾಗುತ್ತಿತ್ತೋ ಇಲ್ಲವೋ. ಒಲೆಯ ಬಗ್ಗೆ ನಾನು ಯಾವತ್ತೂ ಯೋಚಿಸಿರಲಿಲ್ಲ ಎಂಬುದು ಇನ್ನಷ್ಟು ಚುಚ್ಚಿತು. ಮುಂದಿನ ಬಸ್ಸು ಎಷ್ಟಕ್ಕೆ ಎಂದು ಕೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಹಿತ್ತಲಿನಿಂದ ಅವಳ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ವೀಳ್ಯದೆಲೆ ಜೋಡಿಸಿ ಕಟ್ಟು ಕಟ್ಟುವ ಕೆಲಸ ಅವರದು, ಬೆರಳೆಲ್ಲ ಹಸಿರಾಗಿದ್ದವು.

"ಕೆರಿ ಪುಸ್ತಕ ಕಳಿಸಿದಾಕಿ ನೀನ ಏನವಾ?"

"ಹೌದ್ರಿ."

"ಅರ್ಧಕ್ಕ ನಿಂತೈತಲ್ಲ! ಆ ಹುಡುಗಿಗೆ ಅಕ್ಕ ಸಿಕ್ಕಳೋ ಇಲ್ಲೋ?"

ಆಗ ತಿಳಿಯಿತು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಸೊಸೆ ದಿನಾ ಸಂಜೆ ಎಲೆ ಜೋಡಿಸುವ ಹೊತ್ತಿನಲ್ಲಿ ನಾಲ್ಕು ಪುಟ ಓದಿ ಹೇಳುತ್ತಿದ್ದಳು. ಮುಗಿದಾಗ ಅತ್ತೆ ಮತ್ತೆ ಮೊದಲಿನಿಂದ ಓದಿಸಿದ್ದರು. ತನಗೆ ಸೇರದ ಪುಸ್ತಕವನ್ನು ಅವಳು ಎರಡು ಸಲ ಗಟ್ಟಿಯಾಗಿ ಓದಿದ್ದಳು.

"ನೀರಾಗ ಒಲಿ ಹ್ಯಾಂಗ ಉರೀತದ್ರಿ ಅಂತಾಳ ನಿಮ್ಮ ಸೊಸಿ," ಎಂದೆ.

"ಅಕಿಗೇನು ಗೊತ್ತು? ಅಲ್ಲಿ ಮಂದಿಗೆ ರೂಢಿ ಇರತೈತಿ," ಎಂದರು ಆಕೆ, ಮಡಿಲಲ್ಲಿದ್ದ ಎಲೆಯೊಂದನ್ನು ಒರೆಸುತ್ತ.

ನಾನು ಚೀಲದಿಂದ ಎರಡನೆಯ ಭಾಗ ತೆಗೆದು ಸೊಸೆಯ ಕೈಗಿಟ್ಟೆ. ಅವಳು ದಪ್ಪ ನೋಡಿ ನಿಟ್ಟುಸಿರು ಬಿಟ್ಟಳು. ಮೂವರೂ ನಕ್ಕೆವು. ಆದರೂ ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ನೆಮ್ಮದಿ ಇರಲಿಲ್ಲ. ಎರಡನೆಯ ಭಾಗದಲ್ಲಿ ಅಕ್ಕ ಸಿಗುತ್ತಾಳೆ, ಆದರೆ ಮೇಲೆ ಬರಲು ಒಪ್ಪುವುದಿಲ್ಲ. ಅದನ್ನು ಆ ಮುದುಕಿ ಹೇಗೆ ತಡೆದಾರು?

ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸವಣೂರಿನಿಂದ ಲೈನು ಬಂತು. "ಅಕ್ಕಾರ, ನಮ್ಮ ಅತ್ತಿ ಪೋಸ್ಟಾಫೀಸಿಗೆ ಬಂದು ನಿಮಗ ಫೋನ್ ಬುಕ್ ಮಾಡ್ಯಾರ. ಮಾತಾಡ್ರಿ," ಎಂದು ಗೆಳತಿ ಜೋಡಿಸಿದಳು.

ದೂರದವರಿಗೆ ಕೂಗಿ ಹೇಳುವವರಂತೆ ಆಕೆ ಕೂಗಿದರು. "ಏನವಾ! ಹಿಂಥಾ ಪುಸ್ತಕ ಯಾಕ ಕೊಟ್ಟಿ? ಅಕ್ಕ ಬರ್ಲೇ ಇಲ್ಲಲ್ಲ! ಎರಡು ದಿನ ನನಗ ಊಟ ಸೇರಿಲ್ಲ."

"ತಪ್ಪಾತ್ರಿ ಅವ್ವಾರ," ಎಂದೆ.

"ತಪ್ಪೇನು ಬಂತು? ಇನ್ನೊಂದು ಇದ್ದರ ಕಳಸು. ನಮ್ಮ ಸೊಸಿ ಓದ್ತಾಳ."

"ನಾ ಓದೂದಿಲ್ರಿ!" ಎಂದು ಲೈನಿನ ನಡುವೆ ಸೊಸೆಯ ದನಿ ಬಂತು. ಅತ್ತೆ ಕೇಳಿಸಿಕೊಂಡರೋ ಇಲ್ಲವೋ, ಬುಕ್ ಮಾಡಿದ ಮೂರು ನಿಮಿಷ ಮುಗಿದು ಕಾಲ್ ಕಟ್ಟಾಯಿತು.

ಆ ಸಂಜೆ ನನ್ನ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತೆ. ಒಂದನ್ನು ಎತ್ತುವುದು, ಕೊನೆಯ ಪುಟ ನೋಡುವುದು, ಇದು ಬೇಡ ಎಂದು ಇಡುವುದು. ಅವ್ವ ಎರಡು ಸಲ ಊಟಕ್ಕೆ ಕರೆದಳು.