ಎತ್ತಿ ನೋಡುವ ಚಾಳಿ

ಕತ್ತರಿಯಕ್ಕನ ಕೈ ಬಟ್ಟೆಗೆ ಬಂಗಾರ, ಗಿಡಕ್ಕೆ ಬೆಂಕಿ ಎಂದು ಆ ಬೀದಿಯವರೆಲ್ಲ ಹೇಳುತ್ತಿದ್ದರು. ಎದುರುಮನೆಯ ಅಜ್ಜಿಯಂತೂ ಇನ್ನೊಂದು ಗೇಣು ಮುಂದೆ ಹೋಗಿ, "ಅವಳು ನೀರು ಹಾಕಿದ್ರೆ ಪ್ಲಾಸ್ಟಿಕ್ ಹೂವೂ ಬಾಡುತ್ತೆ ಕಣ್ರೇ" ಅನ್ನುತ್ತಿದ್ದಳು. ಹಾಗಂದ ಬಾಯಿ ಒರೆಸಿಕೊಂಡು ಅದೇ ಅಜ್ಜಿ ತನ್ನ ರವಿಕೆ ಸಡಿಲ ಮಾಡಿಸಲು ಕತ್ತರಿಯಕ್ಕನ ಬಾಗಿಲಿಗೇ ಬರುತ್ತಿದ್ದಳು, ಅದು ಬೇರೆ ಮಾತು.

ಕತ್ತರಿಯಕ್ಕ ದರ್ಜಿ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಹೊಲಿಗೆ ಮಿಷನ್, ಅದರ ಬಗಲಿಗೆ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಒಂದು ಕುರ್ಚಿ. ಕುರ್ಚಿಯಲ್ಲಿ ಅವಳ ಅಣ್ಣ. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತೇ ದುಡಿದ ಕಂಡಕ್ಟರ್, ನಿವೃತ್ತನಾದ ಮೇಲೆ ಕೂತವನು ಏಳಲೇ ಇಲ್ಲ. ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿಗೂ ಗೋಡೆಗೂ ನಡುವೆ ಎರಡು ಮಾರು ಮಣ್ಣು. ಆ ಮಣ್ಣಿನಲ್ಲಿ ಒಂದೇ ಒಂದು ಗಿಡ ಬದುಕಿ, ಮರುವರ್ಷವೂ ಎದ್ದು ಬಂದರೆ ಸಾಕು ಎಂಬುದು ಅವಳ ಆಸೆ. ಗಾಡಿಯವನಿಂದ ಕೊಂಡದ್ದು, ನೆಂಟರು ಕೊಟ್ಟದ್ದು, ಎಲ್ಲ ತಿಂಗಳೊಳಗೆ ಮಣ್ಣುಪಾಲಾಗಿತ್ತು.

ಒಂದು ದಿನ ಗಿರಾಕಿಯೊಬ್ಬಳು ಬಿಟ್ಟುಹೋದ ಪತ್ರಿಕೆಯಲ್ಲಿ ಅಂಗೈ ಅಗಲದ ಒಂದು ಜಾಹೀರಾತು ಸಿಕ್ಕಿತು. "ಒಮ್ಮೆ ನೆಟ್ಟರೆ ವರ್ಷ ವರ್ಷವೂ ಏಳುವ ಗಿಡಗಳು. ಅಂಚೆಯಲ್ಲಿ ಕಳಿಸುತ್ತೇವೆ." ಒಂದೇ ಮನೆಯವರ ನರ್ಸರಿ ಅದು. ಮಗ ಅಗೆಯುವವನು, ಸೊಸೆ ಪಟ್ಟಿ ಬರೆಯುವವಳು, ಮುದುಕಿ ತಾಯಿ ಪೊಟ್ಟಣ ಕಟ್ಟಿ ಕಾಗದಗಳಿಗೆ ಉತ್ತರ ಹಾಕುವವಳು. ಕತ್ತರಿಯಕ್ಕ ಒಂದು ಡೇರೆ ಹೂವಿನ ಗಿಡ ಬೇಕೆಂದು ಬರೆದಳು.

ಬಂದದ್ದು ಚಪ್ಪಲಿಯ ಡಬ್ಬಿ. ಒಳಗೆ ಮರದ ಹೊಟ್ಟು, ಹೊಟ್ಟಿನೊಳಗೆ ಸುಕ್ಕುಸುಕ್ಕಾದ ಒಂದು ಗೆಡ್ಡೆ.

ಅಣ್ಣ ಕುರ್ಚಿಯಿಂದಲೇ ಕತ್ತು ಚಾಚಿದ. "ಹೂವು ಅಂತ ಹೇಳಿ ಗೆಣಸು ಕಳಿಸಿದಾರಲ್ಲೇ! ಬೇಯಿಸ್ತೀಯೋ, ಹಸೀದೇ ತಿನ್ನೋಣವೋ?"

"ನಿನ್ನ ಬಾಯಿಗೆ ಗುಂಡಿ ಹೊಲೀತೀನಿ ನೋಡು."

ನೆಟ್ಟಳು. ಒಂದು ತಿಂಗಳಾದರೂ ನೆಲದ ಮೇಲೆ ಏನೂ ಇಲ್ಲ. ಕಿತ್ತರೆ ಗೆಡ್ಡೆ ಮೆತ್ತಗಾಗಿದೆ. ಕತ್ತರಿಯಕ್ಕನಿಗೆ ಸಿಟ್ಟು ನೆತ್ತಿಗೇರಿತು. ಅದನ್ನೇ ಅದೇ ಡಬ್ಬಿಗೆ ತುಂಬಿ, "ಸತ್ತ ಗೆಡ್ಡೆ ಕಳಿಸಿದ್ದೀರಿ, ನೀವೇ ಇಟ್ಟುಕೊಳ್ಳಿ" ಎಂದು ಚೀಟಿ ಬರೆದು ವಾಪಸ್ ಅಂಚೆಗೆ ಹಾಕಿದಳು.

ಎಂಟನೆಯ ದಿನಕ್ಕೆ ಮುದುಕಿಯ ಉತ್ತರ ಬಂತು. ಅಕ್ಷರ ಇರುವೆ ಸಾಲಿನಂತೆ ಓರೆಯಾಗಿತ್ತು. "ತಾಯಿ, ಗೆಡ್ಡೆ ನೋಡಿದೆ. ಅದರ ಕಣ್ಣು ನಾಲ್ಕು ಸಲ ಮೊಳೆತಿದೆ, ನಾಲ್ಕು ಸಲ ಮುರಿದಿದೆ. ಹೆಗ್ಗಣವಾಗಿದ್ದರೆ ಹಲ್ಲಿನ ಗುರುತಿರುತ್ತಿತ್ತು. ಇದರ ಮೇಲಿರುವುದು ಉಗುರಿನ ಗುರುತು. ನಿಜ ಹೇಳು, ಎಷ್ಟು ಸಲ ಎತ್ತಿ ನೋಡಿದೆ?"

ಕತ್ತರಿಯಕ್ಕ ಗಟ್ಟಿಯಾಗಿ ಓದಿ ಕಾಗದ ಮಡಿಚುವ ಮೊದಲೇ ಮೂಲೆಯಿಂದ ಉತ್ತರ ಬಂತು. "ಪ್ರತಿ ಭಾನುವಾರ!"

"ನೀನು ಮಲಗಿರ್ತಿದ್ದೆ ಅಲ್ವೇನೋ?"

"ಕಂಡಕ್ಟರ್ ಕಣೇ ನಾನು. ಕಣ್ಮುಚ್ಚಿದ್ರೂ ಯಾರು ಎಲ್ಲಿ ಇಳಿದ್ರು ಅಂತ ಗೊತ್ತಿರುತ್ತೆ."

ಅವಳ ಕಸುಬೇ ಹಾಗಿತ್ತು. ತೋಳು ಕೂಡಿಸಿದ ಮೇಲೂ ಮನಸ್ಸಿಗೆ ಒಗ್ಗದಿದ್ದರೆ ಹೊಲಿಗೆ ಬಿಚ್ಚಿ ನೋಡುವವಳು, ನೋಡಿ ಮತ್ತೆ ಹೊಲಿಯುವವಳು. ಅದರಿಂದಲೇ ಅವಳ ಅಂಗಿಗಳಿಗೆ ಹೆಸರು. ಆ ಚಾಳಿ ಮಣ್ಣಿಗೂ ಇಳಿದಿತ್ತು. ಬಟ್ಟೆಯಾದರೆ ಬಿಚ್ಚಿದ ಮೇಲೂ ಬಟ್ಟೆಯೇ; ಬೇರು ಹಾಗಲ್ಲ.

ಅವಳು ನಾಚಿಕೆಯಿಂದ ಒಪ್ಪಿಕೊಂಡು, ಬೀದಿಯವರ ಬೆಂಕಿಯ ಮಾತನ್ನೂ ಸೇರಿಸಿ ಬರೆದಳು. ಮುದುಕಿ ಇನ್ನೊಂದು ಗೆಡ್ಡೆಯನ್ನೇ ಕಳಿಸಿದಳು. ಜೊತೆಗೊಂದು ಚೀಟಿ: "ನಿನ್ನ ಕೈಯಲ್ಲಿ ಬೆಂಕಿಯಿಲ್ಲ, ತುರಿಕೆಯಿದೆ. ಎತ್ತಿ ನೋಡಬೇಕು ಅನ್ನಿಸಿದಾಗಲೆಲ್ಲ ಗೇಣುದ್ದದ ಒಂದು ಚೀಲ ಹೊಲಿ, ಬಾಯಿಗೆ ಲಾಡಿ ಹಾಕು, ನನಗೆ ಕಳಿಸು. ಗೆಡ್ಡೆ ಕಟ್ಟಲು ಬಟ್ಟೆ ಸಾಲದೆ ನನ್ನ ಸೊಸೆ ಕಿಟಕಿಯ ಪರದೆಗೂ ಕತ್ತರಿ ಹಾಕಿದ್ದಾಳೆ."

ಕತ್ತರಿಯಕ್ಕ ನೆಟ್ಟಳು, ಒಳಗೆ ಬಂದಳು, ಹೊಲಿದಳು. ಮೊದಲ ದಿನವೇ ಆರು ಚೀಲ. ಗಿರಾಕಿಗಳ ಚೂರುಪಾರು ಬಟ್ಟೆಯೆಲ್ಲ ಚೀಲವಾಗಿ ಅಂಚೆಯೇರಿತು. ಇಪ್ಪತ್ತಾರನೆಯ ದಿನ ಒಗೆಯುವ ಕಲ್ಲಿನ ಬಳಿ ಹೆಬ್ಬೆರಳಿನಷ್ಟು ದಪ್ಪದ ಮೊಳಕೆಯೊಂದು ಮಣ್ಣು ಸೀಳಿಕೊಂಡು ನಿಂತಿತ್ತು. ಎದುರುಮನೆಯ ಅಜ್ಜಿ ಕನ್ನಡಕ ಏರಿಸಿಕೊಂಡು ಬಂದು ಸುತ್ತು ಹಾಕಿ, "ಯಾರೋ ತಂದು ಚುಚ್ಚಿರ್ಬೇಕು" ಎಂದಳು.

ಗಿಡ ಎದೆಯುದ್ದ ಬೆಳೆದು ಮೊಗ್ಗು ಕಟ್ಟಿದ ವಾರವೇ ಮನೆಯ ಮಾಲೀಕ ಬಂದ. ಕೆಟ್ಟವನೇನಲ್ಲ. ಮಗಳಿಗೆ ಈ ಊರಿನಲ್ಲೇ ಕೆಲಸ ಸಿಕ್ಕಿತ್ತು, ಅವಳಿಗೆ ಮನೆ ಬೇಕಿತ್ತು. ಮೂರು ಬೀದಿ ಆಚೆ ಇನ್ನೊಂದು ಮನೆಯನ್ನೂ ಅವನೇ ಹುಡುಕಿ ಕೊಟ್ಟ. ತಿಂಗಳೊಳಗೆ ಹೊರಡಬೇಕು.

ಸಾಮಾನು ಸಾಗಿಸಬಹುದು, ಮೊಗ್ಗಿನ ಗಿಡ ಸಾಗಿಸುವುದು ಹೇಗೆ? ಕತ್ತರಿಯಕ್ಕ ಸನಿಕೆ ಹಿಡಿದು ಗಿಡದ ಬುಡದಲ್ಲಿ ಅರ್ಧ ಗಂಟೆ ನಿಂತಳು. ಆಮೇಲೆ ಸನಿಕೆ ಇಟ್ಟು, ಮುದುಕಿಗೆ ಬರೆದಳು.

"ಈಗ ಮುಟ್ಟಬೇಡ," ಎಂದು ಉತ್ತರ ಬಂತು. "ಹೂ ಮುಗಿಯಲಿ, ಎಲೆ ಒಣಗಲಿ, ಕಾಂಡ ಕಪ್ಪಾಗಲಿ. ಆಗ ಗೆಡ್ಡೆ ನಿದ್ದೆಗೆ ಬೀಳುತ್ತದೆ, ನಿದ್ದೆಯಲ್ಲಿ ಎತ್ತಿದರೆ ಅದಕ್ಕೆ ನೋವಿಲ್ಲ. ನಡುವೆ ಎತ್ತಿದೆಯೋ, ನಿನ್ನ ಚೀಲಗಳನ್ನೆಲ್ಲ ವಾಪಸ್ ಕಳಿಸುತ್ತೇನೆ."

ಮಿಷನ್ ಹೋಯಿತು, ಮೇಜು ಹೋಯಿತು, ಕುರ್ಚಿಯ ಜೊತೆ ಅಣ್ಣನೂ ಹೋದ. ಗಿಡ ಮಾತ್ರ ಅಲ್ಲೇ ಉಳಿಯಿತು. ಮಾಲೀಕನ ಮಗಳ ಒಪ್ಪಿಗೆ ಪಡೆದು, ಕತ್ತರಿಯಕ್ಕ ದಿನಾ ಬೆಳಿಗ್ಗೆ ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡೇ ಮೂರು ಬೀದಿ ದಾಟಿ ಬಂದು ನೀರು ಹಾಕಿದಳು. ತಟ್ಟೆಯಗಲದ ಕಡುಗೆಂಪು ಹೂಗಳು ಅರಳಿದವು. ಎದುರುಮನೆಯ ಅಜ್ಜಿ ಬಂದು ಬಗ್ಗಿ ನೋಡಿದಳು.

"ಏನೇ, ಪ್ಲಾಸ್ಟಿಕ್ಕಾ?"

"ಮುಟ್ಟಿ ನೋಡಿ ಅಜ್ಜಿ. ಎತ್ತಿ ಮಾತ್ರ ನೋಡ್ಬೇಡಿ."

ಅಜ್ಜಿ ಮುಟ್ಟಿದಳು. ಬೀದಿಯ ಮಾತು ಅಂದೇ ತಿರುಗಿತು.

ಹೂ ಮುಗಿಯಿತು, ಎಲೆ ಒಣಗಿತು, ಕಾಂಡ ಕಪ್ಪಾಯಿತು. ಕತ್ತರಿಯಕ್ಕ ಕೈ ಸುಮ್ಮನಿರಲೆಂದೇ ಇನ್ನೂ ಎರಡು ವಾರ ಚೀಲ ಹೊಲಿದಳು. ಆಮೇಲೊಂದು ಬೆಳಿಗ್ಗೆ, ಒಂದೇ ಸಲ ಅಗೆದಳು. ನೆಟ್ಟದ್ದು ಒಂದು ಗೆಡ್ಡೆ, ಸಿಕ್ಕಿದ್ದು ಒಂದು ಗೊಂಚಲು. ಪ್ರತಿ ಗೆಡ್ಡೆಗೂ ಒಂದೊಂದು ಕಣ್ಣು ಉಳಿಯುವಂತೆ ಕುಯ್ದು, ಒಂದನ್ನು ಮತ್ತೆ ಅದೇ ಗುಂಡಿಗೆ ಇಟ್ಟು ಮಣ್ಣು ಮುಚ್ಚಿದಳು.

"ಇದು ಯಾವಾಗ ಮೊಳೆಯುತ್ತೆ ಅಕ್ಕಾ?" ಎಂದಳು ಮಾಲೀಕನ ಮಗಳು.

"ಬಂದಾಗ ಬರುತ್ತೆ. ಕೈ ತುರಿಸಿದ್ರೆ ನನ್ನ ಹತ್ರ ಬಾ, ಸೂಜಿ ಕೊಡ್ತೀನಿ."

ಉಳಿದದ್ದನ್ನು ಚೀಲಗಳಿಗೆ ತುಂಬಿ, ಅಡುಗೆಮನೆ ಹಾದು ಮುಂದಿನ ಕೋಣೆಗೆ ಬಂದಳು. ನೆಲದ ಮೇಲೆ ಮಿಷನ್ನಿನ ನಾಲ್ಕು ಕಾಲು ಒತ್ತಿದ ಕುಳಿಗಳು ಇನ್ನೂ ಹಾಗೇ ಇದ್ದವು. ಒಂದರ ಮೇಲೆ ಹೆಬ್ಬೆರಳಿಟ್ಟು ನೋಡಿ, ಹೊಸ್ತಿಲು ದಾಟಿದಳು. ಎದುರುಮನೆಯ ಕಿಟಕಿಯ ಹೊರಗೆ, ಅಜ್ಜಿಯ ಪಾಲಿನ ಚೀಲ ನೇತುಹಾಕಿದಳು.

ತಿರುಗಿದರೆ, ಹಳೆಯ ಮನೆಯ ಗೇಟಿನಲ್ಲಿ ಅಣ್ಣ ನಿಂತಿದ್ದ. ಮೂರು ಬೀದಿ ತಾನೇ ನಡೆದು ಬಂದಿದ್ದ.

"ಒಳಗೆ ಗೆಡ್ಡೆ ಸರಿಯಾಗಿದ್ಯೋ ಇಲ್ವೋ, ಒಂದ್ಸಲ ಬಿಚ್ಚಿ ನೋಡ್ಬಾರ್ದಾ?"

ಕತ್ತರಿಯಕ್ಕ ಲಾಡಿ ಎಳೆದು ಇನ್ನೊಂದು ಗಂಟು ಬಿಗಿದಳು.

"ರೈಟ್," ಅಂದಳು, "ಹೊರಡು."