ಕಪ್ಪು ಹಲಗೆಯ ಮೇಲೆ ಆರಿಸಿದ ವಜ್ರ

ಚಿಕ್ಕಮಗಳೂರಿನ ಆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸೌಮ್ಯಳ ಮೇಜಿಗೆ ಸ್ಯಾಂಪಲ್ ಹೋಯಿತೆಂದರೆ ನೂರು ಎಕರೆ ತೋಟದ ಮಾಲೀಕರೂ ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ. ತೋಟಗಳಿಂದ ಸಿಪ್ಪೆ ಸಮೇತ ಒಣಗಿಸಿದ ಬೀಜ, ಪಾರ್ಚ್‌ಮೆಂಟ್, ಬರುತ್ತದೆ, ಮಿಲ್ಲು ಅದರ ಸಿಪ್ಪೆ ಬಿಡಿಸುತ್ತದೆ, ಒಳಗಿನ ಹಸಿರು ಬೀಜ ಒಂದೆರಡು ಹಿಡಿ ಅವಳ ಮುಂದೆ ಬಂದು ಬೀಳುತ್ತದೆ. ಉತ್ತರದ ಕಿಟಕಿಯ ಕೆಳಗೆ ಕಪ್ಪು ಬಣ್ಣ ಬಳಿದ ಹಲಗೆ. ಅದರ ಮೇಲೆ ಬೀಜ ಹರಡಿ, ಬೆರಳ ತುದಿಯಲ್ಲಿ ಸರಿಸುತ್ತ, ಹುಳ ಹೊಡೆದದ್ದು, ಒಡೆದದ್ದು, ಕಂದು ತಿರುಗಿದ್ದು ಎಲ್ಲವನ್ನೂ ಬೇರೆ ಮಾಡಿ ರಿಪೋರ್ಟ್ ಬರೆಯುವುದು ಅವಳ ಕೆಲಸ. ಒಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದಾಳೆ. ಚೆನ್ನಾಗಿರುವ ಬೀಜದ ಬಗ್ಗೆ ಬರೆಯಲು ಆ ರಿಪೋರ್ಟಿನಲ್ಲಿ ಜಾಗವೇ ಇಲ್ಲ. ಇರುವ ಕಾಲಮ್ಮುಗಳೆಲ್ಲ ಕುಂದಿಗೇ ಮೀಸಲು.

ಒಂಬತ್ತು ವರ್ಷ ಹೀಗೆ ನೋಡಿದ ಕಣ್ಣು ಸಂಜೆ ಐದೂವರೆಗೆ ಸುಮ್ಮನಾಗು ಅಂದರೆ ಆಗುತ್ತದೆಯೇ? ಅಮ್ಮ ಪಾಪಮ್ಮ ದೋಸೆ ಹುಯ್ದರೆ ಮಗಳಿಗೆ ಮೊದಲು ಕಾಣುವುದು ಸೀದ ಅಂಚು. ಸೀರೆ ಅಂಗಡಿಯವರು ಇವಳು ಮೆಟ್ಟಿಲು ಹತ್ತುವುದನ್ನು ಕಂಡರೆ ಒಳಗೆ ಟೀ ಕುಡಿಯಲು ಹೋಗುತ್ತಾರೆ. ಹೆಣ್ಣು ನೋಡಲು ಬಂದವರ ಪಾಡಂತೂ ಕೇಳುವುದೇ ಬೇಡ. ಮೊದಲನೆಯವನು ಬಂದ ದಿನ ಕಾಫಿಬೀಜ ಹುರಿಯುವಾಗಲೇ ಸೀದು ಹೋಗಿತ್ತು. ಆ ಪುಣ್ಯಾತ್ಮ ಒಂದು ಗುಟುಕು ಕುಡಿದು ಸೂಪರ್ ಅಂದುಬಿಟ್ಟ. ಕಾಫಿ ವಿಷಯದಲ್ಲೇ ಸುಳ್ಳು ಹೇಳುವವನು ನಾಳೆ ಇನ್ಯಾವುದರಲ್ಲಿ ಹೇಳಲಿಕ್ಕಿಲ್ಲ ಎಂದು ಸೌಮ್ಯ ಅವನನ್ನು ತಳ್ಳಿಹಾಕಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಸರಿ. ಆ ಬೀಜದ ಪುಡಿಯನ್ನು ಡಬ್ಬಿಯಲ್ಲಿ ಎತ್ತಿಟ್ಟು, ಆಮೇಲೆ ಬಂದ ಮೂವರಿಗೂ ಬೇಕೆಂದೇ ಅದರಲ್ಲೇ ಕಾಫಿ ಮಾಡಿಕೊಟ್ಟಳು. ಮೂವರೂ ಚೆನ್ನಾಗಿದೆ ಅಂದರು, ಮೂವರೂ ಹೋದರು.

ಐದನೆಯವನು ಅತ್ತಿಗುಂಡಿಯ ರುದ್ರೇಶ. ಸ್ವಂತ ಜೀಪು, ಬಾಬಾಬುಡನ್‌ಗಿರಿ ನೋಡಲು ಬರುವ ಪ್ರವಾಸಿಗಳನ್ನು ಮೇಲೆ ಕೆಳಗೆ ಕರೆದೊಯ್ಯುವ ಕೆಲಸ. ಎರಡು ಗುಟುಕು ಕುಡಿದವನು ಲೋಟ ಕೆಳಗಿಟ್ಟು ಪಾಪಮ್ಮನ ಕಡೆ ತಿರುಗಿದ.

"ಬೇಜಾರು ಮಾಡ್ಕೋಬೇಡಿ ಅಮ್ಮ, ಬೀಜ ಹುರಿಯುವಾಗ ಸೀದಿದೆ ಅನ್ಸುತ್ತೆ."

ಪಾಪಮ್ಮನ ಮುಖ ಸಪ್ಪಗಾಯಿತು. ಸೌಮ್ಯ ಒಳಗೆ ಹೋಗಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹೊರಗೆ ಬಂದು, ಆಗಬಹುದು ಎಂದಳು. ಆ ಒಂದು ಪದ ಬಿಟ್ಟರೆ ಅವನ ಬಗ್ಗೆ ಮೆಚ್ಚಿಗೆಯ ಮಾತೊಂದನ್ನೂ ಅವಳು ಆಡಿರಲಿಲ್ಲ. ಇಷ್ಟವಿರಲಿಲ್ಲವೆಂದಲ್ಲ, ತುಂಬಾ ಇಷ್ಟವಾಗಿದ್ದ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆಂದು ಅವಳಿಗೆ ರೂಢಿ ಇರಲಿಲ್ಲ, ಅಷ್ಟೇ.

ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಹೆಣ್ಣಿಗೆ ಉಂಗುರ ತರಬೇಕು. ಅಳತೆಗೆ ಬೆರಳಿಗೆ ಸುತ್ತಿದ ದಾರವೊಂದನ್ನು ಕಳಿಸಿದರೆ ಸಾಕು, ಉಳಿದದ್ದು ಹಿರಿಯರ ಪಾಲಿನದು. ರುದ್ರೇಶ ಮಾತ್ರ ವಜ್ರದ್ದೇ ಆಗಬೇಕೆಂದು ಹಟ ಹಿಡಿದ. ಅದಕ್ಕೆಂದು ಅರವತ್ತು ಸಾವಿರ ಕೂಡಿಟ್ಟಿದ್ದ, ಅದರ ಮೇಲೆ ಒಂದು ರೂಪಾಯಿಯೂ ಹಾಕುವುದಿಲ್ಲ, ಯಾರ ಹತ್ತಿರವೂ ಕೈ ಚಾಚುವುದಿಲ್ಲ ಎಂದೂ ಹೇಳಿದ. ದಾರ ಬೇಡ, ನೀವೇ ಬನ್ನಿ, ನಿಮ್ಮಂಥ ಕಣ್ಣು ನಮ್ಮನೇಲಿ ಯಾರಿಗೂ ಇಲ್ಲ ಎಂದು ಫೋನಿನಲ್ಲಿ ಸೌಮ್ಯಳನ್ನೇ ಕರೆದ. ನಿಶ್ಚಿತಾರ್ಥಕ್ಕೆ ಮೊದಲೇ ಹೆಣ್ಣು ಗಂಡು ಒಟ್ಟಿಗೆ ಅಂಗಡಿ ಸುತ್ತುವುದೇ ಎಂದು ಪಾಪಮ್ಮ ಗೊಣಗಿದರು, ಗೊಣಗುತ್ತಲೇ ಒಳ್ಳೆಯ ಸೀರೆ ತೆಗೆದುಕೊಟ್ಟರು.

ಸೌಮ್ಯಳಿಗೆ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ಅವನ ಅರವತ್ತು ಸಾವಿರಕ್ಕೆ ಒಂದು ಕುಂದೂ ಇರದ ಹರಳು ಹುಡುಕಬೇಕು. ಅವನು ಕೊಟ್ಟದ್ದನ್ನು ನೆಂಟರಿಷ್ಟರಲ್ಲಿ ಯಾರೂ ಎತ್ತಿ ಆಡಬಾರದು. ಬಾಯಲ್ಲಿ ಹೇಳಲಾಗದ ಪ್ರೀತಿಯನ್ನು ಅವಳು ಕಣ್ಣಿನಿಂದಲಾದರೂ ಮಾಡಿ ತೋರಿಸಬೇಕೆಂದಿದ್ದಳು.

ಅಂಗಡಿ ಪೇಟೆಯ ಒಳರಸ್ತೆಯಲ್ಲಿತ್ತು, ಹಳೆಯದು. ಯಜಮಾನರು ಎಷ್ಟರೊಳಗೆ ಎಂದು ಕೇಳಿದರು, ರುದ್ರೇಶ ಸಂಕೋಚವಿಲ್ಲದೆ ಹೇಳಿದ. ಚಿನ್ನದ್ದೇ ಅರ್ಧಕ್ಕಿಂತ ಹೆಚ್ಚಾಗುತ್ತದೆ, ಉಳಿದದ್ದರಲ್ಲಿ ಕಾಳುಮೆಣಸಿಗಿಂತ ಚಿಕ್ಕ ಹರಳು ಬರುತ್ತದೆ ಎಂದು ಅವರೂ ಸಂಕೋಚವಿಲ್ಲದೆ ಹೇಳಿದರು. ಲ್ಯಾಬಿನಲ್ಲಿ ಬೆಳೆಸಿದ್ದಾದರೆ ಇದೇ ದುಡ್ಡಿಗೆ ಇನ್ನೂ ದೊಡ್ಡದು ಸಿಗುತ್ತದೆ ಎಂದೂ ತೋರಿಸಿದರು. ಚಿಕ್ಕದಾದರೂ ನೆಲದಿಂದ ಬಂದದ್ದೇ ಇರಲಿ ಎಂದ ರುದ್ರೇಶ. ಯಜಮಾನರು ಹತ್ತು ಬಿಡಿ ಹರಳುಗಳನ್ನು ತಟ್ಟೆಗೆ ಹಾಕಿದರು.

ಸೌಮ್ಯ ತಲೆ ಎತ್ತಿ ಮೇಲಿನ ದೀಪಗಳನ್ನು ನೋಡಿದಳು. ಈ ಬೆಳಕಿನ ಕೆಳಗೆ ಗಾಜಿನ ಚೂರೂ ಹೊಳೆಯುತ್ತದೆ, ಬಾಗಿಲ ಹತ್ತಿರ ಹೋಗೋಣ ಅಂದಳು. ಯಜಮಾನರಿಗೆ ತಮಾಷೆ ಅನ್ನಿಸಿರಬೇಕು, ತಟ್ಟೆ ಹಿಡಿದು ಹಿಂದೆಯೇ ಬಂದರು. ಬಂದವರು ಬಿಳಿ ಕಾಗದವೊಂದನ್ನು ಮಡಿಸತೊಡಗಿದಾಗ ಅವಳು ತಡೆದಳು. ಬಿಳಿ ಬೇಡ, ಕಪ್ಪು ಕೊಡಿ, ಕುಂದು ಕಾಣುವುದು ಕಪ್ಪಿನ ಮೇಲೆ. ಅವರು ಏನೋ ಹೇಳಲು ಹೋದರು, ಇವಳು ಬಿಡಲಿಲ್ಲ. ಒಂಬತ್ತು ವರ್ಷದಿಂದ ಇದೇ ಕೆಲಸ ನಮ್ಮದು ಅಂದಳು. ಕೊನೆಗೆ ಕಪ್ಪು ಮಖಮಲ್ಲಿನ ಹಲಗೆ ಬಂತು.

ಆಮೇಲೆ ನಡೆದದ್ದನ್ನು ನೋಡಲು ಪಕ್ಕದ ಕೌಂಟರಿನ ಹುಡುಗಿಯರೂ ಕತ್ತು ಚಾಚಿದರು. ಸೌಮ್ಯ ಚಿಮಟ ಹಿಡಿದು ಹರಳುಗಳನ್ನು ಸಾಲಾಗಿ ಸರಿಸಿ, ಒಂದೊಂದನ್ನೇ ಆಚೆ ತಳ್ಳತೊಡಗಿದಳು. ಇದರಲ್ಲಿ ಚುಕ್ಕೆ. ಇದು ಮಂಕು. ಇದರ ಅಂಚು ಸೊಟ್ಟ. ಹತ್ತು ನಿಮಿಷದಲ್ಲಿ ಒಂಬತ್ತು ಹೋಗಿ ಒಂದು ಉಳಿಯಿತು. ಅದು ಅಲುಗಾಡಿಸಿದಾಗಲೆಲ್ಲ ಒಳಗಿನಿಂದ ಬೆಳಕು ಚಿಮ್ಮಿಸುತ್ತಿತ್ತು. ಅವಳು ಅದನ್ನೆತ್ತಿ ಎರಡು ಬೆರಳುಗಳ ಸಂದಿಯಲ್ಲಿ ಇಟ್ಟುಕೊಂಡು, ಕೈ ದೂರ ಹಿಡಿದು ನೋಡಿದಳು.

"ಇದು ಚೆನ್ನಾಗಿದೆ," ಅಂದಳು. ಅಂದು ನಕ್ಕಳು.

ಬೆಲೆ ಕೇಳಿದರೆ ಬಜೆಟ್ಟಿಗಿಂತ ಕಡಿಮೆ. ತನ್ನ ಕಣ್ಣಿನ ಮೇಲೆ ಸೌಮ್ಯಳಿಗೆ ಅಭಿಮಾನ ಉಕ್ಕಿತು. ಅಷ್ಟರಲ್ಲಿ ಯಜಮಾನರು ಕನ್ನಡಕ ಸರಿಮಾಡಿಕೊಂಡರು.

"ಒಂದು ಮಾತು ಹೇಳ್ಬಿಡ್ತೀನಮ್ಮ, ಆಮೇಲೆ ಹೇಳ್ಲಿಲ್ಲ ಅನ್ಬಾರ್ದು."

ಅವರು ಬಿಳಿ ಕಾಗದದ ಮಡಿಕೆಯಲ್ಲಿ ಆ ಹರಳನ್ನೂ ಅವಳು ತಳ್ಳಿಹಾಕಿದ್ದ ಇನ್ನೊಂದನ್ನೂ ಅಕ್ಕಪಕ್ಕ ಇಟ್ಟರು. ಇನ್ನೊಂದು ನೀರಿನ ಹಾಗಿತ್ತು. ಇವಳದು ಹಳದಿ ಹೊಡೆಯುತ್ತಿತ್ತು. ತೆಳ್ಳಗಿನ ನಿಂಬೆ ಷರಬತ್ತಿನಷ್ಟು ತಿಳಿ ಹಳದಿ, ಆದರೂ ಹಳದಿಯೇ. ಬೀಜದ ಕುಂದು ಕಪ್ಪಿನ ಮೇಲೆ ಕಾಣುತ್ತದೆ, ವಜ್ರದ ಬಣ್ಣ ಕಪ್ಪಿನ ಮೇಲೆ ಮುಳುಗಿಹೋಗುತ್ತದೆ, ಅದಕ್ಕೇ ನಾವು ಬಿಳಿಯಲ್ಲಿ ನೋಡುವುದು ಎಂದು ಅವರು ಮೆತ್ತಗೆ ತಿಳಿಸಿದರು.

ಸೌಮ್ಯಳಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಒಂಬತ್ತು ವರ್ಷದ ಜಂಬವನ್ನೆಲ್ಲ ಒಂದು ತುಂಡು ಕಾಗದ ಒರೆಸಿ ಹಾಕಿತ್ತು. ಅದೂ ಅವನ ಎದುರಿಗೆ. ಇದು ಬೇಡ, ಬೇರೆ ತೋರಿಸಿ ಎಂದಳು.

"ನಂಗೆ ಆಗ್ಲೇ ಕಾಣ್ತು," ಎಂದ ರುದ್ರೇಶ. "ನೀವು ಬೆರಳ ಸಂದೀಲಿ ಇಟ್ಕೊಂಡಾಗ."

ಅವಳು ತಿರುಗಿ ನೋಡಿದಳು. ಅವಮಾನಕ್ಕಿಂತ ಈಗ ಸಿಟ್ಟು ಹೆಚ್ಚಾಯಿತು. "ಕಾಫಿ ಸೀದಿದ್ದು ಹೇಳೋಕೆ ಬಾಯಿ ಬಂತು. ಇದಕ್ಕೆ ಬರ್ಲಿಲ್ವಾ ನಿಮಗೆ?"

ರುದ್ರೇಶ ಜೀಪಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ. "ಬರ್ತಿತ್ತು. ಒಂಬತ್ತು ಕಲ್ಲು ನೋಡುವಾಗ ನಾನು ನಿಮ್ಮ ಮುಖಾನೇ ನೋಡ್ತಿದ್ದೆ. ಇದೊಂದನ್ನ ನೋಡಿ ನಕ್ರಿ. ನಂಗೆ ಬೇಕಾಗಿದ್ದು ಅದು. ಕಲ್ಲಿನ ಬಣ್ಣ ಕಟ್ಕೊಂಡು ನಂಗೇನಾಗ್ಬೇಕು ಹೇಳಿ?"

ಯಜಮಾನರು ಬೇರೆ ಕಡೆ ನೋಡುತ್ತ, ಆ ಹರಳಿನ ಕಟಿಂಗು ಮಾತ್ರ ಹತ್ತರಲ್ಲೇ ಮೇಲು, ಹಳದಿ ಚಿನ್ನದಲ್ಲಿ ಕೂರಿಸಿದರೆ ಬಣ್ಣ ಅಷ್ಟು ಎದ್ದು ಕಾಣುವುದಿಲ್ಲ ಎಂದು ಗಾಳಿಗೆ ಹೇಳಿದ ಹಾಗೆ ಹೇಳಿದರು.

ಸೌಮ್ಯ ಬಿಳಿ ಕಾಗದದ ಮೇಲಿದ್ದ ಹರಳನ್ನು ತುಂಬಾ ಹೊತ್ತು ನೋಡಿದಳು. ಕೆಲಸದ ಜಾಗದಲ್ಲಿ ಆಗಿದ್ದರೆ ಇಷ್ಟು ಹೊತ್ತಿಗೆ ಅದು ಆಚೆ ರಾಶಿಯಲ್ಲಿ ಇರುತ್ತಿತ್ತು. ಹಳದಿ ಕಾಣುತ್ತಲೇ ಇತ್ತು, ಎಷ್ಟು ನೋಡಿದರೂ ಹೋಗಲಿಲ್ಲ. ಅದರ ಜೊತೆಗೇ ಆ ಬೆಳಕೂ ಇತ್ತು, ಅದೂ ಹೋಗಲಿಲ್ಲ. ಇದು ಇನ್ನೂ ಇಷ್ಟವಾಗುತ್ತಿದೆ ಎಂಬುದೇ ಅವಳಿಗೆ ಆಶ್ಚರ್ಯ. ಕುಂದು ಗೊತ್ತಾದ ಮೇಲೂ ಒಂದು ವಸ್ತು ಇಷ್ಟವಾಗಬಹುದು ಎಂದು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ.

ನಾಳೆ ಯಾರಾದರೂ ಕಲ್ಲು ಹಳದಿ ಅಂದರೆ ಎಂದು ಕೇಳಿದಳು. ಅಂದೇ ಅಂತಾರೆ ಎಂದ ರುದ್ರೇಶ. ಅವಳು ಮೂಗು ಒರೆಸಿಕೊಂಡು, ಹಳದಿ ಚಿನ್ನದಲ್ಲೇ ಕೂರಿಸಿ ಎಂದು ಅಳತೆಗೆ ಬೆರಳು ಮುಂದೆ ಮಾಡಿದಳು.

ಅಂದವರು ವಿಮಲಮ್ಮ, ರುದ್ರೇಶನ ಸೋದರತ್ತೆ. ಮೂಡಿಗೆರೆಯ ಕಡೆ ದೊಡ್ಡ ತೋಟದ ಮನೆಗೆ ಸೇರಿದವರು, ಕಿವಿಯಲ್ಲಿ ಏಳು ಹರಳಿನ ವಜ್ರದ ಓಲೆ. ನಿಶ್ಚಿತಾರ್ಥದಲ್ಲಿ ಉಂಗುರ ಬದಲಾಯಿಸಿ ಆರತಿ ಮುಗಿದು, ಹೆಂಗಸರೆಲ್ಲ ಸೌಮ್ಯಳ ಕೈ ಹಿಡಿದು ನೋಡುತ್ತಿದ್ದರು. ಸರದಿ ಬಂದಾಗ ವಿಮಲಮ್ಮ ಅವಳನ್ನು ಕಿಟಕಿಯವರೆಗೆ ನಡೆಸಿಕೊಂಡು ಹೋಗಿ, ಬೆರಳನ್ನು ತಮ್ಮ ಬಿಳಿ ಕರ್ಚೀಫಿನ ಮೇಲೆ ಇಟ್ಟು ನೋಡಿದರು.

"ಕಲ್ಲು ಹಳದಿ ಹೊಡೀತಿದೆಯಲ್ಲೇ. ಅಂಗಡಿಯೋನು ನಮ್ಮ ಹುಡುಗಂಗೆ ಟೋಪಿ ಹಾಕಿದಾನೆ."

ಮೆಲ್ಲಗೆ ಮಾತಾಡುವುದು ವಿಮಲಮ್ಮನಿಗೆ ಹುಟ್ಟಿನಿಂದಲೇ ಬಾರದು. ಹಾಲ್‌ನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಪಾಪಮ್ಮ ತಾಂಬೂಲದ ತಟ್ಟೆ ಹಿಡಿದು ಹಾಗೇ ನಿಂತರು. ಆಚೆ ಗಂಡಸರ ಸಾಲಿನಲ್ಲಿ ರುದ್ರೇಶ ಕತ್ತು ಬಗ್ಗಿಸಿದ. ಅಂದೇ ಅಂತಾರೆ ಎಂದು ಅಂಗಡಿಯಲ್ಲಿ ಹೇಳುವುದು ಸುಲಭ, ಐವತ್ತು ಜನರ ನಡುವೆ ಅನ್ನಿಸಿಕೊಳ್ಳುವುದು ಬೇರೆ. ಅವನ ಬಗ್ಗಿದ ಕತ್ತು ಸೌಮ್ಯಳ ಕಣ್ಣಿಗೆ ಬಿತ್ತು.

ಅವಳು ಕೈಯನ್ನು ಕರ್ಚೀಫಿನ ಮೇಲಿಂದ ತೆಗೆಯಲಿಲ್ಲ.

"ಟೋಪಿ ಹಾಕಿಲ್ಲ ಅತ್ತೆ. ಹಳದಿ ಇದೆ, ನಂಗೂ ಗೊತ್ತು. ಹತ್ತು ಜನ ಬೇಡ ಅಂದ್ರೂ ನಂಗಿದೇ ಬೇಕಿತ್ತು," ಎಂದಳು, ಹಾಲ್‌ನ ಆ ತುದಿಗೂ ಕೇಳುವ ಹಾಗೆ. ಆಮೇಲೆ ರುದ್ರೇಶನ ಕಡೆ ನೋಡಿ, ಇನ್ನೂ ಸ್ವಲ್ಪ ಜೋರಾಗಿ, "ಇವ್ರೂ ಅಷ್ಟೆ. ನಾನೇ ನೋಡಿ ಒಪ್ಪಿದ್ದು," ಎಂದಳು.

ವಿಮಲಮ್ಮ ಅವಳ ಮುಖ ನೋಡಿದರು, ಸೋದರಳಿಯನ ಮುಖ ನೋಡಿದರು, ಹಾಗಾದರೆ ಸರಿ ಎಂದು ಕರ್ಚೀಫು ಮಡಿಸಿಟ್ಟುಕೊಂಡರು. ರುದ್ರೇಶ ತಲೆ ಎತ್ತಿದ. ಅವನ ಕಿವಿ ಎರಡೂ ಕೆಂಪಾಗಿದ್ದವು.