ಸೊಟ್ಟ ಹಾರುವ ಡ್ರೋನು ಮತ್ತು ನಮ್ಮ ಅತ್ತೆ

ನಮ್ಮ ಅತ್ತೆ ಏನನ್ನಾದರೂ ಕೇಳಿಸಿಕೊಳ್ಳುವಾಗ ಬಲಗಿವಿಯನ್ನು ಮುಂದೆ ಮಾಡಿ, ಕಣ್ಣು ಅರೆಮುಚ್ಚಿ ನಿಲ್ಲುತ್ತಿದ್ದರು. ಓಲೆಯ ಭಾರಕ್ಕೆ ಆ ಕಿವಿ ಜಗ್ಗಿ ಉದ್ದವಾಗಿತ್ತು. ಎಡಗಿವಿ ಮಂದ. ಮದುವೆಗೆ ಮುಂಚೆ ತಿ. ನರಸೀಪುರದ ಅಕ್ಕಿ ಗಿರಣಿಯೊಂದರಲ್ಲಿ ತೌಡು ತುಂಬುವ ಕೆಲಸ ಮಾಡಿದವರು. ಯಂತ್ರದ ಪಕ್ಕದ ಕಿವಿ ಹೋಯಿತು, ಇನ್ನೊಂದು ಚುರುಕಾಯಿತು ಎಂದು ತಾವೇ ನಗುತ್ತಿದ್ದರು. ದೇವನೂರಿನ ನಮ್ಮ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಕೊಟ್ಟಿಗೆಯಿಂದ "ಒಲೆ ನೋಡವ್ವ" ಎಂದು ಕೂಗು ಬರುತ್ತಿತ್ತು.

ನಾನು ಸೊಸೆಯಾಗಿ ಬಂದು ಕೆಲವು ವರ್ಷಗಳಾದ ಮೇಲೆ, ನಮ್ಮ ಮಹಿಳಾ ಸಂಘದಿಂದ ಒಬ್ಬರನ್ನು ಡ್ರೋನ್ ತರಬೇತಿಗೆ ಕಳಿಸುವ ಮಾತು ಬಂತು. ಗದ್ದೆಗೆ ಔಷಧಿ ಸಿಂಪಡಿಸುವ ದೊಡ್ಡ ಡ್ರೋನು. ಸಭೆಯಲ್ಲಿ ನಾನು ಕೈ ಎತ್ತಲು ಅಳುಕುತ್ತಿದ್ದೆ. ಪಕ್ಕದಲ್ಲಿದ್ದ ಅತ್ತೆ, "ನಮ್ ಸೊಸೆ ಓಯ್ತಳ, ಬರ್ಕಳಿ" ಎಂದುಬಿಟ್ಟರು. ಮೊದಲು ಆಟಿಕೆ ಡ್ರೋನಿನಲ್ಲಿ ಕೈ ಪಳಗಿಸಿಕೊಳ್ಳಿ ಎಂದು ಸಂಘದ ಮೇಡಂ ಹೇಳಿದರು. ನನ್ನ ಗಂಡ ಮೈಸೂರಿನಿಂದ ಒಂದನ್ನು ತಂದರು. ಅಂಗೈ ಅಗಲ, ನಾಲ್ಕು ರೆಕ್ಕೆ.

ಅದು ಏಳುತ್ತಿದ್ದಂತೆ ಎಡಕ್ಕೆ ವಾಲಿ ಕೊಟ್ಟಿಗೆಯ ಗೋಡೆಗೆ ಬಡಿಯುತ್ತಿತ್ತು. ಮತ್ತೆ ಏರಿಸಿದರೆ ಮತ್ತೆ ಅದೇ ಗೋಡೆ. ಎದುರುಮನೆಯವರು ಜಗಲಿಯಲ್ಲಿ ಕೂತು, "ಇದ್ನೇ ಆರ್ಸಕ್ಕಾಗ್ನಿಲ್ಲ, ಇನ್ನ ದೊಡ್ಡದ ಏನ್ ಆರ್ಸಿಯವ್ವ" ಎಂದು ನಕ್ಕರು. ನನಗೆ ಅಳು ಬಂತು. ಬೇರೆ ಯಾರನ್ನಾದರೂ ಕಳಿಸಿ ಎಂದು ಹೇಳಲು ಮೇಡಂಗೆ ಫೋನ್ ಮಾಡಹೊರಟೆ. ಅತ್ತೆ ಫೋನು ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡರು.

"ವಸ್ತು ಸೊಟ್ಟ ಓದ್ರ ವಸ್ತುವ ನೋಡು. ನಿನ್ ಕೈಯ ಯಾಕ್ ಬಯ್ಕತೀಯೆ?"

ಮಾರನೆಯ ದಿನ ಬೆಳಿಗ್ಗೆ, ಗಾಳಿ ಏಳುವ ಮುಂಚೆ, ಇಬ್ಬರೂ ಅಂಗಳದಲ್ಲಿ ಕೂತೆವು. ಡಬ್ಬಿಯ ಮೇಲೆ ಬರೆದಿದ್ದನ್ನು ನಾನು ಓದಿ ಹೇಳಿದೆ: ಸಮತಟ್ಟಾದ ಜಾಗದಲ್ಲಿಟ್ಟು ರಿಮೋಟಿನ ಎರಡೂ ಕಡ್ಡಿಗಳನ್ನು ಮೂಲೆಗೆ ಒತ್ತಿ ಹಿಡಿದರೆ, ನೆಟ್ಟಗೆ ಅಂದರೆ ಯಾವುದು ಎಂದು ಡ್ರೋನು ಕಲಿತುಕೊಳ್ಳುತ್ತದೆ. ಹಿಂದಿನ ದಿನ ಅಂಗಳದಲ್ಲೇ ಇಟ್ಟು ಹಾಗೆ ಮಾಡಿದ್ದೆ. ಅತ್ತೆ ಅಂಗಳವನ್ನೊಮ್ಮೆ ನೋಡಿದರು.

"ನೀರೋಗ್ಲಿ ಅಂತ ಈ ಅಂಗಳವ ವಾರೆ ಮಾಡಿರದು ಕಣವ್ವ. ವಾರೆನೇ ನೆಟ್ಟಗೆ ಅಂತ ಯೇಳ್ಕೊಟ್ಬುಟ್ಟಿದ್ದೀಯ ಅದುಕ್ಕ."

ಒಳಗಿಂದ ಮಣೆ ತಂದು, ಅದರ ಮೇಲೆ ತಟ್ಟೆ ತುಂಬ ನೀರಿಟ್ಟರು. ನೀರು ಎಲ್ಲ ಅಂಚಿಗೂ ಸಮ ಬರುವವರೆಗೆ ಮಣೆಯ ಕೆಳಗೆ ಹೆಂಚಿನ ಚೂರು ಸೇರಿಸುತ್ತ ಹೋದರು. ಆಮೇಲೆ ತಟ್ಟೆ ತೆಗೆದು ಡ್ರೋನಿಟ್ಟೆವು, ನಾನು ಕಡ್ಡಿ ಒತ್ತಿದೆ.

ವಾಲುವುದು ಕಡಿಮೆಯಾಯಿತು. ಆದರೂ ಮೇಲೆದ್ದ ಡ್ರೋನು ನಡುಗುತ್ತ ಒಂದು ಮೂಲೆಗೆ ತಗ್ಗುತ್ತಿತ್ತು. ನಾನು ದುಡುಕಿ ರೆಕ್ಕೆಗಳನ್ನೆಲ್ಲ ಬಿಚ್ಚಲು ಹೋದೆ.

"ಎಲ್ಲನೂ ಒಂದೇ ಸಲ ಬಿಚ್ಬ್ಯಾಡ ಮಗ. ಯಾವುದ್ರಿಂದ ವಾಸಿಯಾಯ್ತು ಅಂತ ಗೊತ್ತಾಗಲ್ಲ. ಇನ್ನೊಂದಪ ಏರ್ಸು."

ಏರಿಸಿದೆ. ಅತ್ತೆ ಕಿವಿ ಒಡ್ಡಿ ನಿಂತರು. "ಮೂರು ರೆಕ್ಕ ಪದ ಆಡ್ತವ. ಒಂದು ನರಳ್ತದ. ಆ ತಗ್ಗೋ ಮೂಲೆದು."

ಆ ರೆಕ್ಕೆಯನ್ನು ಕಿತ್ತು ನೋಡಿದರೆ ಅದರ ಅಡಿಯ ಕಡ್ಡಿಗೆ ನನ್ನದೇ ತಲೆಗೂದಲು ಬಿಗಿಯಾಗಿ ಸುತ್ತಿಕೊಂಡಿತ್ತು. ಸೂಜಿಯಿಂದ ಬಿಡಿಸಿದೆ. ರೆಕ್ಕೆಯ ಅಂಚೂ ಸೀಳಿತ್ತೆಂದು ಡಬ್ಬಿಯಲ್ಲಿದ್ದ ಹೊಸದನ್ನು ಹಾಕಿದೆ. ಈಗ ಏಳಲೇ ಇಲ್ಲ, ಇದ್ದಲ್ಲೇ ಮಗುಚಿಕೊಂಡಿತು. ರೆಕ್ಕೆಗಳನ್ನು ಬಿಸಿಲಿಗೆ ಹಿಡಿದಾಗ ಸಣ್ಣ ಅಕ್ಷರಗಳು ಕಂಡವು, ಕೆಲವಕ್ಕೆ ಎ, ಕೆಲವಕ್ಕೆ ಬಿ. ಅಕ್ಕಪಕ್ಕದ ರೆಕ್ಕೆಗಳು ಒಂದೇ ಅಕ್ಷರದವಾಗಿರಬಾರದು ಎಂದು ಹೊಳೆಯಿತು. ಎ ಇದ್ದ ಜಾಗಕ್ಕೆ ನಾನು ಬಿ ಹಾಕಿದ್ದೆ. ಬದಲಿಸಿದೆ.

ಡ್ರೋನು ಎದೆಯೆತ್ತರಕ್ಕೆ ಎದ್ದು, ಅಲ್ಲೇ ನಿಂತಿತು. ಕದಲಲಿಲ್ಲ. ಅತ್ತೆ ಎದುರುಮನೆಯ ಕಡೆ ತಿರುಗಿ, "ಬನ್ರಪ್ಪ, ಈಗ ನಗಿ" ಎಂದು ಕರೆದರು.

ತರಬೇತಿ ಮುಗಿಸಿ ಪಾಸಾದೆ. ಮೊದಲ ಸಲ ಬಿಳಿಗೆರೆ ಕಡೆಯ ಗದ್ದೆಗೆ ಹೋದಾಗ ಅತ್ತೆಯೂ ಹಟ ಮಾಡಿ ಜೊತೆಗೆ ಬಂದರು. ಗದ್ದೆಯವರು ನಮ್ಮಿಬ್ಬರನ್ನೂ ದಾಟಿ ದಾರಿಯನ್ನೇ ನೋಡುತ್ತ, "ಡ್ರೋನ್ ಆರ್ಸೋರು ಇನ್ನೂ ಬರ್ನಿಲ್ವ?" ಎಂದು ಕೇಳಿದರು. "ನಿಮ್ ಮುಂದ್ಲೇ ನಿಂತವ್ಳ, ಜಾಗ ಬುಡಿ ಸಾ" ಎಂದರು ಅತ್ತೆ. ಡ್ರೋನು ಬತ್ತದ ಮೇಲೆ ನೇರ ಗೆರೆಯಲ್ಲಿ ಹೋಗಿ ತಿರುಗಿ ಬರುವಷ್ಟರಲ್ಲಿ ಬದುವಿನ ಮೇಲೆ ಊರೇ ನೆರೆದಿತ್ತು. ಅಷ್ಟು ಜನರ ನಡುವೆ ನಾನು ನೋಡಿದ್ದು ಅತ್ತೆಯ ಮುಖವೊಂದನ್ನೇ.

ಅವರು ತೀರಿಕೊಂಡು ವರ್ಷದ ಮೇಲಾಯಿತು. ತಿಥಿಯ ದಿನ ಹೆಡತಲೆಯಿಂದ ಗುರುತಿಲ್ಲದ ಹೆಂಗಸೊಬ್ಬರು ಬೆಳೆದ ಮಗಳನ್ನು ಕರೆದುಕೊಂಡು ಬಂದಿದ್ದರು. "ನಂಜನಗೂಡು ಬಸ್ನಲ್ಲಿ ಸಿಕ್ದಾಗೆಲ್ಲ ನಿಮ್ಮತ್ತೆಗ ನಿನ್ ಮಾತೇ ಕಣವ್ವ. ‘ನಿನ್ ಮಗಳ್ನೂ ಕಳ್ಸು, ನಮ್ ಸೊಸೆ ಕಲಿಸ್ತಳ’ ಅಂದಿದ್ರು. ಅದುಕ್ಕೇ ಬಂದಿವ್ನಿ" ಎಂದರು. ಅತ್ತೆ ನನಗೆ ಇದನ್ನು ಹೇಳಿರಲೇ ಇಲ್ಲ.

ಆ ಹುಡುಗಿ ಈಗ ತಿ. ನರಸೀಪುರದ ಕಡೆಯ ಗದ್ದೆಗಳಿಗೆ ತಾನೇ ಡ್ರೋನ್ ತೆಗೆದುಕೊಂಡು ಹೋಗುತ್ತಾಳೆ. ಯಾರು ಕಲಿಸಿದ್ದು ಎಂದು ಕೇಳಿದವರಿಗೆಲ್ಲ ನನ್ನ ಹೆಸರು ಹೇಳುತ್ತಾಳಂತೆ. ಅದು ಅರ್ಧ ಮಾತ್ರ ನಿಜ ಎಂದು ಅವಳಿಗೆ ಹೇಳಿದ್ದೇನೆ.